ನಡೆದು ತೋರಿಸು

"ನಡೆದು ತೋರಿಸಮ್ಮ," ಎಂದ ವಿಮಾ ಕಂಪನಿಯವನು.

ಧೂಳಮ್ಮ ನಡೆದಳು. ಗುಡಿಸಲಿನ ಕಂಬದಿಂದ ಮುಳ್ಳುಬೇಲಿಯವರೆಗೆ ಹೋದಳು, ಬೇಲಿಯಿಂದ ಕಂಬಕ್ಕೆ ಬಂದಳು. ಎಡಗಾಲು ಊರಿದಾಗಲೆಲ್ಲ ಒಳಗಿನ ಕಬ್ಬಿಣದ ಸರಳು ಎಲುಬನ್ನು ಮೀಟುತ್ತಿತ್ತು. ಹಲ್ಲು ಕಚ್ಚಿ ನಡೆದಳು. ಅವನು ಫೋನು ಹಿಡಿದು ವಿಡಿಯೊ ತೆಗೆಯುತ್ತಿದ್ದ.

"ಸೀರಿ ಅಡ್ಡ ಬರಾಕತ್ತದ. ಮೊಣಕಾಲ ಮ್ಯಾಗ ಹಿಡಿ. ಇನ್ನೊಮ್ಮಿ ನಡಿ."

ಮುಡಬಿ ಸೀಮೆಯ ಆ ಹೊಲದ ಬದುವಿನ ಮೇಲೆ ಊರ ಗಂಡಸರು ನಿಂತು ನೋಡುತ್ತಿದ್ದರು. ಧೂಳಮ್ಮನ ಗಂಡ ಪಂಡರಿ ಮುಖ ಆ ಕಡೆ ತಿರುಗಿಸಿ ಕುರಿಯ ಕಾಲಿನ ಮುಳ್ಳು ತೆಗೆಯುವವನಂತೆ ಕೂತ. ಮುಳ್ಳೇನೂ ಇರಲಿಲ್ಲ. ಧೂಳಮ್ಮ ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಹಿಡಿದಳು. ಹೊಲಿಗೆಯ ಗುರುತು, ಕೀವು ಒಸರುವ ತೂತು, ಬತ್ತಿದ ಮೀನಖಂಡ, ಎಲ್ಲವೂ ಬಿಸಿಲಿಗೆ ಬಿದ್ದವು. ಇನ್ನೊಮ್ಮೆ ನಡೆದಳು.

"ಪಹಿಲೆ ಏನ್ ಕೆಲಸ ಮಾಡ್ತಿದ್ದಿ?"

"ಕುರಿ ಹಿಂದ ನಡೀತಿದ್ದೆ ರೀ."

"ಅದಲ್ಲ. ಕೆಲಸ ಏನು? ಪಗಾರ ಯಾರು ಕೊಡ್ತಿದ್ರು?"

ಧೂಳಮ್ಮ ಹೇಳಿದಳು. ಪೀಕು ತೆಗೆದ ಹೊಲದಲ್ಲಿ ರಾತ್ರಿ ಸುತ್ತ ಬಲೆ ಕಟ್ಟಿ ಕುರಿ ತರುಬುತ್ತೇವೆ, ಹಿಕ್ಕೆಯಿಂದ ಮಣ್ಣು ಹದವಾಗುತ್ತದೆ, ಹೊಲದವರು ಜೋಳ ಕೊಡುತ್ತಾರೆ. ಬೆಳಗಾದರೆ ಬಲೆ ಬಿಚ್ಚಿ ಹೆಗಲಿಗೇರಿಸಿ ಮುಂದಿನ ಹೊಲಕ್ಕೆ ನಡೆಯುತ್ತೇವೆ. ಅವನು ಅರ್ಧ ಕೇಳಿದ. ಬಾಯಿ ಆಕಳಿಸಿದ.

"ಕುರಿ ಯಾರ ಹೆಸರಿಗೆ ಅವ?"

"ಅವರ ಹೆಸರಿಗೆ," ಎಂದು ಗಂಡನ ಕಡೆ ನೋಡಿದಳು.

ಅವನು 'ಗೃಹಿಣಿ' ಎಂದು ಬರೆದುಕೊಂಡ. ಗುಡಿಸಲನ್ನೂ ಇವತ್ತೊಂದು ಕಡೆ ನಾಳೆಯೊಂದು ಕಡೆ ಹೂಡುವವಳು ಗೃಹಿಣಿಯಾದಳು. ಬುದ್ಧಿ ಬಂದಾಗಿನಿಂದ ಅವಳು ಕೂತು ಉಂಡದ್ದಿಲ್ಲ. ಹಡೆದ ಮೇಲೂ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹಿಂಡಿನ ಹಿಂದೆ ನಡೆದವಳು. ಕಾಯಕದ ಮಾತನ್ನು ಮೂರು ಹೊತ್ತೂ ಆಡುವ ಬಸವಕಲ್ಯಾಣದ ಸೀಮೆಯಲ್ಲಿ ಅವಳ ಕೆಲಸ ಯಾರ ಕಣ್ಣಿಗೂ ಕೆಲಸವಾಗಿ ಕಾಣಲಿಲ್ಲ. ಕಾಲು ಮಾತ್ರ ಕಂಡಿತು. ಅದನ್ನೂ ಫೋನಿನಲ್ಲಿ ಹಾಕಿಕೊಂಡು ಹೋದರು.

ಕಾಲು ಮುರಿದದ್ದು ಕಳೆದ ಸುಗ್ಗಿಯಲ್ಲಿ, ಮುಡಬಿ ರಸ್ತೆಯಲ್ಲಿ, ಹೊತ್ತು ಏರುವ ಮೊದಲು.

ಹಿಂಡು ರಸ್ತೆ ದಾಟುವಾಗ ಪಂಡರಿ ಮುಂದೆ ಇರುತ್ತಾನೆ. ಕೊನೆಯ ಕುರಿ ದಾಟುವತನಕ ರಸ್ತೆಯ ನಡುವೆ ಕೋಲು ಅಡ್ಡ ಹಿಡಿದು ನಿಲ್ಲುವುದು ಧೂಳಮ್ಮನ ಕೆಲಸ. ಲಾರಿಗಳು ನಿಲ್ಲುತ್ತವೆ. ಬಸ್ಸುಗಳು ಬೈಯುತ್ತ ನಿಲ್ಲುತ್ತವೆ. ಅವತ್ತು ಜೀಪು ನಿಲ್ಲಲಿಲ್ಲ. ಅವಳ ಕಂಕುಳಲ್ಲಿ ಆಗತಾನೆ ಹುಟ್ಟಿದ ಮರಿ ಇತ್ತು. ಮರಿಯನ್ನು ಬದುವಿನ ಕಡೆ ಎಸೆದಳು. ತನ್ನನ್ನು ಎಸೆದುಕೊಳ್ಳಲು ಹೊತ್ತು ಸಿಗಲಿಲ್ಲ.

ಬಿದ್ದವಳು ಕಣ್ಣು ಬಿಟ್ಟೇ ಇದ್ದಳು. ಜೀಪಿನಿಂದ ಇಳಿದವನು ಶಂಕರಲಿಂಗ ಸಾವ್ಕಾರರ ಮಗ ಧನರಾಜ. ಕಿವಿಗೆ ಇನ್ನೂ ಫೋನು ಹಿಡಿದಿದ್ದ. ಇವಳ ಕಾಲು ನೋಡಿದ, ಚಕ್ರಕ್ಕೆ ಸಿಕ್ಕು ಸತ್ತ ಕುರಿಗಳನ್ನು ನೋಡಿದ. ಆಮೇಲೆ ಇವಳ ಮುಖ ನೋಡಿದ. ಇವಳೂ ಅವನ ಮುಖ ನೋಡಿದಳು. ಅವರದೇ ಹೊಲದಲ್ಲಿ ಹಿಂದಿನ ರಾತ್ರಿ ಕುರಿ ತರುಬಿದ್ದರು. ಅವನಿಗೆ ಇವಳ ಗುರುತು ಸಿಗಲಿಲ್ಲವೆಂದು ಹೇಳುವಂತಿರಲಿಲ್ಲ. ಅವನು ಜೀಪು ಹತ್ತಿ ಹಿಂದಕ್ಕೆ ತಿರುಗಿಸಿ ಹೋಗಿಬಿಟ್ಟ. ಚೆಲ್ಲಾಪಿಲ್ಲಿಯಾದ ಕುರಿಗಳ ಹಿಂದೆ ಓಡುತ್ತಿದ್ದ ಪಂಡರಿಗೆ ಕಂಡದ್ದು ಜೀಪಿನ ಬೆನ್ನು ಮಾತ್ರ.

ಎತ್ತಿದವನು ಒವೈಸ್. ಅವನೂ ಅದೇ ಸಾವ್ಕಾರರ ಆಳು, ಟ್ರ್ಯಾಕ್ಟರ್ ಓಡಿಸುತ್ತಿದ್ದ. ಖಾಲಿ ಟ್ರಾಲಿ ಹಾಕಿಕೊಂಡು ಹಿಂದಿನಿಂದ ಬಂದವನು ಟ್ರ್ಯಾಕ್ಟರಿನಿಂದ ಹಾರಿ ಓಡಿ ಬಂದ. ಹೆಗಲ ವಸ್ತ್ರ ಹರಿದು ತೊಡೆಗೆ ಬಿಗಿದ. ಎರಡೂ ತೋಳಲ್ಲಿ ಎತ್ತಿ ಟ್ರಾಲಿಯಲ್ಲಿ ಮಲಗಿಸಿದ. ಅವನ ಅಂಗಿಯೆಲ್ಲ ಅವಳ ನೆತ್ತರು.

"ಮೌಶಿ, ಕಣ್ಣ ಮುಚ್ಚಬ್ಯಾಡ್ರಿ. ನಂಗ ಬೈರಿ. ಬೈಕೋತ ಇರ್ರಿ."

ಧೂಳಮ್ಮ ಹುಮನಾಬಾದಿನತನಕ ಅವನನ್ನು ಬೈದಳು. ಗುಂಡಿಗೆ ಟ್ರಾಲಿ ಎಗರಿದಾಗಲೆಲ್ಲ ಬೈದಳು. ಬಾಯಿಗೆ ಬಂದದ್ದೆಲ್ಲ ಬೈದಳು. ಅವನು ಚಿಕ್ಕಮ್ಮನಿಗೆ ಹೇಳುವಂತೆ ಒಂದೊಂದಕ್ಕೂ "ಹೌದ್ರಿ ಮೌಶಿ" ಎನ್ನುತ್ತಿದ್ದ. ಅದಕ್ಕೇ ಅವಳು ಬದುಕಿದಳು. ಹಾಗೆಂದು ಅವಳೇ ನಂಬಿದ್ದಳು.

ಆಪರೇಶನ್ ಆದ ಮರುದಿನ ಶಂಕರಲಿಂಗ ಸಾವ್ಕಾರರು ವಾರ್ಡಿಗೆ ಬಂದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಎಳನೀರು. ಮಾಣಿಕನಗರದ ದಾರಿಯಲ್ಲಿ ಅವರದು ಗೊಬ್ಬರದ ದೊಡ್ಡ ಅಂಗಡಿ. ಆ ದವಾಖಾನೆಯ ಡಾಕ್ಟರರಿಂದ ಹಿಡಿದು ಬಾಗಿಲ ಕಾಯುವವನವರೆಗೆ ಎಲ್ಲರೂ ಅವರಿಗೆ ನಮಸ್ಕಾರ ಮಾಡುವವರೇ. ಧೂಳಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ.

"ನೋಡೋ ಪಂಡರಿ," ಸಾವ್ಕಾರರು ತಗ್ಗಿದ ದನಿಯಲ್ಲಿ ಹೇಳಿದರು. "ದವಾಖಾನಿಯವರು ಪೊಲೀಸರಿಗಿ ತಿಳಿಸ್ಯಾರ. ಕೇಸ್ ಆಗೋದು ಆಗ್ತದ. ನನ್ನ ಮಗಗ ಲೈಸೆನ್ಸ್ ಇಲ್ಲ. ಅವನ ಹೆಸರ ಬಂತಂದ್ರ ವಿಮಾ ಕಂಪನಿ ಒಂದ ಪೈಸಾ ಕೊಡಂಗಿಲ್ಲ. ನಿನ್ನ ಹೇಂತಿ ಕಾಲ ಹ್ಯಾಂಗ ನೆಟ್ಟಗ ಮಾಡಿಸ್ತಿ? ಒವೈಸ್‌ಗ ಲೈಸೆನ್ಸ್ ಅದ. ಜೀಪ ಅವ ಹೊಡೀತಿದ್ದ ಅಂತ ಬರಸು. ಕಂಪನಿ ಕೊಡ್ತದ. ಯಾರಿಗೂ ಲುಕ್ಸಾನ ಇಲ್ಲ."

"ಆ ಹುಡುಗ ಒಪ್ತಾನೇನ್ರಿ?"

"ಒಪ್ಯಾನ. ಅವರ ಮನಿ ಇರೋದು ನನ್ನ ಜಾಗಾದಾಗ. ಅವನ ಅಂಗಿ ತುಂಬ ನಿನ್ನ ಹೇಂತಿ ನೆತ್ತರ ಅದ. ಪೊಲೀಸರು ಆ ಅಂಗಿ ಸೈತ ಒಯ್ದಾರ. ಇನ್ನೇನ್ ಬೇಕು?"

ಎತ್ತಿದವನ ಅಂಗಿಯೇ ಅವನ ಮೇಲಿನ ಸಾಕ್ಷಿಯಾಯಿತು.

ಸಾವ್ಕಾರರಿಗೆ ಕುರಿಯವರ ರೀತಿ ಗೊತ್ತಿತ್ತು. ಮೈಲಾರ ಮಲ್ಲಣ್ಣನ ಭಂಡಾರ ಮುಟ್ಟಿ ಆಡಿದ ಮಾತನ್ನು ಕುರಿ ಹಿಂಡಿನ ಗಂಡಸು ಜೀವ ಹೋದರೂ ಮುರಿಯುವುದಿಲ್ಲ. ಅದಕ್ಕೇ ಕೋರ್ಟಿನ ಕಾಗದಕ್ಕಿಂತ ಮೊದಲು ಅವರು ಅದನ್ನೇ ಕೇಳಿದರು. ಪಂಡರಿಯ ಸೊಂಟದಲ್ಲಿ ಅರಿಸಿನ ಪುಡಿಯ ಆ ಚಿಕ್ಕ ಚೀಲ ಯಾವಾಗಲೂ ಇರುತ್ತಿತ್ತು. ಅವನ ಕೈ ಅಲ್ಲಿಗೆ ಹೋಗಿ ನಿಂತಿತು.

"ಆಕಿಗೂ ಒಂದ ಮಾತ ಕೇಳೂನ್ರಿ. ಕಾಲು ಆಕೀದು."

ಸಾವ್ಕಾರರು ನಕ್ಕರು. "ಹೆಂಗಸಿನ ಆಣಿ ತಗೊಂಡು ಏನ್ ಮಾಡ್ತಿಯೋ? ನೀ ಮುಟ್ಟು, ಸಾಕು. ನೀ ಅಂದ್ರ ಆಕಿ ಅಂದಂಗ."

ಅದೂ ಅವರ ರೀತಿಯೇ ಆಗಿತ್ತು. ಭಂಡಾರದ ಚೀಲ ಗಂಡಸಿನದು. ಹೆಂಗಸಿನ ಹಣೆಗೆ ಅದರ ಪುಡಿ ತಾಗಬಹುದು, ಕೈಗೆ ಚೀಲ ಬರುವುದಿಲ್ಲ. ಪಂಡರಿ ಮುಟ್ಟಿದ. ಹೇಳಿಕೊಟ್ಟದ್ದನ್ನು ಹೇಳಿದ. ಅದೇ ಮಾತು ಸಂಜೆಗೆ ಪೊಲೀಸರ ಹತ್ತಿರ ಫಿರ್ಯಾದಾಯಿತು.

ಸರಳು ಹಾಕಿದ ಕಾಲು ಹುಣ್ಣಾಯಿತು. ಮತ್ತೆ ಕೊಯ್ದು ಸರಳು ಬದಲಿಸಬೇಕು, ತಡ ಮಾಡಿದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ ಎಂದು ಡಾಕ್ಟರರು ಹೇಳಿದರು. ಮೊದಲ ಆಪರೇಶನ್ನಿಗೇ ಅರ್ಧ ಹಿಂಡು ಹೋಗಿತ್ತು. ಉಳಿದದ್ದನ್ನೂ ಮಾರಿದರೆ ಕಾಲಿದ್ದು ಏನು ಮಾಡುವುದು, ಯಾರ ಹಿಂದೆ ನಡೆಯುವುದು? ಹಾಗಾಗಿ ಅವಳ ಕಾಲು ಪೂರ್ತಿ ವಿಮೆಯ ಕೇಸಿಗೆ ಜೋತುಬಿದ್ದಿತ್ತು.

ಕೇಸು ಬಸವಕಲ್ಯಾಣದ ಕೋರ್ಟಿನಲ್ಲಿ. ವಕೀಲ ಹುಮನಾಬಾದಿನ ಗುಂಡಪ್ಪ. ಅವನನ್ನು ಹುಡುಕಿ ಕೊಟ್ಟವರೂ ಸಾವ್ಕಾರರೇ. ಸಾಕ್ಷಿ ಹೇಳುವ ತಾರೀಖು ಬಂದಾಗ ಗುಂಡಪ್ಪ ಅವಳನ್ನು ಕರೆಸಿ ಕೂರಿಸಿದ. ಕೂರಿಸಿದ್ದೂ ಕುರ್ಚಿಯ ಮೇಲಲ್ಲ, ಬಾಗಿಲ ಬಳಿಯ ಮೆಟ್ಟಿಲಿನ ಮೇಲೆ. ಕೋರ್ಟಿಗೆ ಕೊಡುವ ಪ್ರಮಾಣಪತ್ರದ ಕೊನೆಯಲ್ಲಿ ಅವಳ ಹೆಬ್ಬೆಟ್ಟು ತಾನೇ ಹಿಡಿದು ಒತ್ತಿದ. ಓದಿ ಹೇಳಲಿಲ್ಲ.

"ಹೆದರಬ್ಯಾಡ. ಖರೆ ಏನು ಅಂತ ಕೇಳಿದ್ರ ಹೌದ್ರಿ ಅನ್ನು. ಒವೈಸ್ ಎದುರಿಗಿ ನಿಂದರ್ತಾನ, ಇವನೇ ಅನ್ನು. ಮತ್ತ ಕೋರ್ಟಿನ್ಯಾಗ ನಡಿಬೇಕಾದ್ರ ಜರಾ ಜಾಸ್ತಿ ಕುಂಟು."

"ನಂಗ ಇದ್ದಷ್ಟೇ ಕುಂಟಾಕ ಬರ್ತದ್ರಿ," ಎಂದಳು ಧೂಳಮ್ಮ.

ಗುಂಡಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಲ್ಲಿಂದ ಪಟ್ಟಿ ಕಟ್ಟಿಸಲು ದವಾಖಾನೆಗೆ ಹೋದಳು. ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ಕೂತಳು. ತಲೆಯ ಮೇಲೆ ಸೆರಗು, ಕಾಲ ಬಳಿ ಬಳೆಯ ಬುಟ್ಟಿ. ಒವೈಸನ ತಾಯಿ ಅನ್ವರಿ. ಹಳ್ಳಿಹಳ್ಳಿ ತಿರುಗಿ ಬಳೆ ತೊಡಿಸುವವಳು. ಧೂಳಮ್ಮನ ಕೈಗೂ ಎಷ್ಟೋ ಸಲ ತೊಡಿಸಿದ್ದಳು.

"ನಾ ಏನೂ ಬೇಡಾಕ ಬಂದಿಲ್ಲ ಧೂಳಮ್ಮ," ಅನ್ವರಿ ಹೇಳಿದಳು. "ಅವ ಮನ್ಯಾಗ ಬಾಯಿ ಬಿಡವಲ್ಲ. ಸರ್ಕಾರಿ ಬಸ್ ಡ್ರೈವರ್ ಕೆಲಸಕ್ಕ ಹೆಸರ ಬಂದಿತ್ತು. ಮೈಮ್ಯಾಲ ಕೇಸ್ ಅದ ಅಂತ ಹಿಂದಕ ಕಳಿಸ್ಯಾರ. ನಂಗ ಒಂದೇ ಮಾತ ಹೇಳು. ನಿನ್ನ ಕಾಲ ಮುರದಾವ ನನ್ನ ಮಗ ಏನು?"

ನರ್ಸು ಹೆಸರು ಕೂಗಿದಳು. ಧೂಳಮ್ಮ ಅದನ್ನೇ ನೆಪ ಮಾಡಿಕೊಂಡು ಎದ್ದಳು. ಎದ್ದಾಗ ತಡವರಿಸಿದಳು. ಅನ್ವರಿ ತಟ್ಟನೆ ರಟ್ಟೆ ಹಿಡಿದು ನಿಲ್ಲಿಸಿದಳು. ಮಗನೂ ಹಾಗೆಯೇ ಹಿಡಿದಿದ್ದ. ಧೂಳಮ್ಮನಿಗೆ ತನ್ನ ಮೇಲೇ ಅಸಹ್ಯವಾಯಿತು. ಸುಳ್ಳು ಹೇಳಿದವರು ಯಾರೋ, ಅದನ್ನು ಹೊತ್ತು ತಿರುಗುತ್ತಿದ್ದವಳು ತಾನು.

ಗುಡಿಸಲಿಗೆ ಬಂದು ಗಂಡನಿಗೆ ಹೇಳಿದಳು. "ನಾ ಅಂವ ಅಲ್ಲ ಅಂತ ಹೇಳಾಕಿ."

ಪಂಡರಿ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. "ಕಾಲ ಹೋಗ್ತದ."

"ಗೊತ್ತದ."

"ಈ ಸೀಮ್ಯಾಗ ಯಾರ ಹೊಲದಾಗೂ ಕುರಿ ತರುಬಗೊಡಂಗಿಲ್ಲ."

"ಅದೂ ಗೊತ್ತದ."

"ನಾ ಭಂಡಾರ ಮುಟ್ಟೀನಲ್ಲ ಧೂಳಿ." ಅವನ ದನಿ ಒಡೆಯಿತು. "ನಾ ಏನ್ ಮಾಡ್ಲಿ?"

ಅವಳಿಗೆ ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಏನು ಮಾಡಬೇಕೆಂದು ಅವಳಿಗೂ ಇನ್ನೂ ಗಟ್ಟಿಯಾಗಿರಲಿಲ್ಲ. ಹೇಳುತ್ತೇನೆ ಎಂದದ್ದು ಬಾಯಿ. ಕಾಲು ಬೇರೆಯೇ ಹೇಳುತ್ತಿತ್ತು. ಕತ್ತರಿಸಿದ ಕಾಲನ್ನು ನೆನೆದರೆ ಮೈ ಬೆವರುತ್ತಿತ್ತು. ಹಿಂಡು ಗುಡ್ಡದ ಆಚೆ ಇಳಿದುಹೋಗುತ್ತದೆ, ತಾನೊಬ್ಬಳು ಈಚೆ ಕೂತಿರುತ್ತಾಳೆ, ಕುರಿಗಳ ಸದ್ದೂ ದೂರವಾಗುತ್ತದೆ. ಅವಳಿಗೆ ಸಾವಿಗಿಂತ ಅದರ ಹೆದರಿಕೆಯೇ ಹೆಚ್ಚಾಗಿತ್ತು.

ತಾರೀಖಿನ ದಿನ ಬೆಳಿಗ್ಗೆ ಗುಡಿಸಲಿನ ಮುಂದೆ ಜೀಪು ಬಂದು ನಿಂತಿತು. ಅದೇ ಜೀಪು. ಕೋರ್ಟಿನಿಂದ ಬಿಡಿಸಿಕೊಂಡು ಬಂದು, ನಗ್ಗಿದ ಮೂತಿ ತಟ್ಟಿಸಿ, ಹೊಸ ಬಣ್ಣ ಹೊಡೆಸಿದ್ದರು. ಓಡಿಸುವ ಜಾಗದಲ್ಲಿ ಧನರಾಜ. ಪಕ್ಕದಲ್ಲಿ ಅವನ ಅಪ್ಪ.

"ಹತ್ತು, ಧೂಳವ್ವ. ಬಸ್ಸಿನ್ಯಾಗ ಕಾಲಿಗಿ ತ್ರಾಸ ಆಗ್ತದ," ಎಂದರು ಸಾವ್ಕಾರರು. ಅವಳು ಧನರಾಜನ ಕಡೆ ನೋಡುವುದನ್ನು ಕಂಡು ನಕ್ಕು ಹೇಳಿದರು. "ಈಗ ಅವನಿಗಿ ಲೈಸೆನ್ಸ್ ಆಗ್ಯಾದ. ಹೆದರಬ್ಯಾಡ."

ಒವೈಸನಿಗೆ ಕೇಸು, ಇವನಿಗೆ ಲೈಸೆನ್ಸು. ಧೂಳಮ್ಮ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಹತ್ತಿದಳು. ಪಂಡರಿ ಪಕ್ಕದಲ್ಲಿ ಕೂತ. ದಾರಿಯಲ್ಲಿ ಅವಳು ಬಿದ್ದ ಆ ಜಾಗ ಬಂತು. ಅವಳು ಬದುವಿನ ಕಡೆ ನೋಡಿದಳು. ಅಲ್ಲೇನೂ ಉಳಿದಿರಲಿಲ್ಲ. ಅಷ್ಟರಲ್ಲಿ ಧನರಾಜನ ಫೋನು ಸದ್ದು ಮಾಡಿತು. ಅವನು ಒಂದು ಕೈಯಲ್ಲಿ ಅದನ್ನು ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಜೀಪು ಹೊಡೆಯುತ್ತ ಯಾವುದೋ ಮದುವೆಯ ಮಾತಿಗೆ ನಗತೊಡಗಿದ. ಮುಂದೆ ರಸ್ತೆಗೆ ಎಮ್ಮೆಯೊಂದು ಇಳಿಯುತ್ತಿತ್ತು. ಧೂಳಮ್ಮ ಎರಡೂ ಕೈಯಿಂದ ಸೀಟು ಹಿಡಿದಳು. ಜೀಪು ಎಮ್ಮೆಯ ಬಾಲಕ್ಕೆ ತಾಗಿದಂತೆ ಸರಿದು ಹೋಯಿತು. ಅವನು ಫೋನು ಇಳಿಸಲಿಲ್ಲ. ಅಪ್ಪನೂ ಒಂದು ಮಾತು ಅನ್ನಲಿಲ್ಲ.

ಏನು ಮಾಡಬೇಕೆಂಬುದು ಅವಳಿಗೆ ಅಲ್ಲೇ ಗಟ್ಟಿಯಾಯಿತು. ಇವನಿಗೆ ಏನೂ ಆಗಿಲ್ಲ. ಒಂದು ಹೆದರಿಕೆ ಸೈತ ಹುಟ್ಟಿಲ್ಲ. ನಾಳೆ ಇನ್ನೊಬ್ಬಳು ರಸ್ತೆಯ ನಡುವೆ ಕೋಲು ಹಿಡಿದು ನಿಂತಿರುತ್ತಾಳೆ.

ಕೋರ್ಟಿನಲ್ಲಿ ಅವಳ ಹೆಸರು ಕೂಗಿದಾಗ ಒವೈಸ್ ಗೋಡೆಯ ಬಳಿ ನಿಂತಿದ್ದ. ಬಡಕಲಾಗಿದ್ದ. ತಲೆ ಎತ್ತಿರಲಿಲ್ಲ. ಹಿಂದೆ ಬಾಗಿಲ ಬಳಿ ಅನ್ವರಿ ಬುಟ್ಟಿಯಿಲ್ಲದ ಬರಿಗೈಯನ್ನು ಏನು ಮಾಡಬೇಕೆಂದು ತಿಳಿಯದವಳಂತೆ ನಿಂತಿದ್ದಳು. ಧೂಳಮ್ಮ ಕಟಕಟೆ ಹತ್ತಿದಳು. ಹಿಡಿಕೆ ಹಿಡಿದು ನಿಂತಳು.

"ಈ ಪ್ರಮಾಣಪತ್ರದಲ್ಲಿ ಬರೆದಿರುವುದೆಲ್ಲ ನಿಜವೇನಮ್ಮ?" ನ್ಯಾಯಾಧೀಶರು ಕೇಳಿದರು.

ಗುಂಡಪ್ಪ ಕೆಳಗಿನಿಂದ ತಲೆಯಾಡಿಸಿದ. ಹೌದೆನ್ನು ಎಂಬಂತೆ.

"ಏನ್ ಬರ್ದಾರ ಅಂತ ನಂಗ ಯಾರೂ ಓದಿ ಹೇಳಿಲ್ರಿ ಸಾಹೇಬ್ರ. ಓದಸ್ರಿ."

ಗುಂಡಪ್ಪನ ತಲೆಯಾಡಿಸುವುದು ನಿಂತಿತು. ನ್ಯಾಯಾಧೀಶರು ಅವನನ್ನೊಮ್ಮೆ ನೋಡಿ ಗುಮಾಸ್ತನಿಗೆ ಓದಲು ಹೇಳಿದರು. ಗುಮಾಸ್ತ ಸರಸರನೆ ಓದಿದ. ಅರ್ಜಿದಾರಳಾದ ನಾನು ಗೃಹಿಣಿಯಾಗಿದ್ದು.

"ಸುಳ್ಳ ರೀ," ಎಂದಳು ಧೂಳಮ್ಮ. "ನಾ ಕುರಿ ಕಾಯಾಕಿ. ಮುಂದ ಓದ್ರಿ."

ಗುಮಾಸ್ತ ಓದಿದ. ಒಂದನೇ ಎದುರುದಾರನಾದ ಒವೈಸ್ ಎಂಬಾತನು ಜೀಪನ್ನು ಅತಿವೇಗ ಹಾಗೂ ನಿರ್ಲಕ್ಷ್ಯದಿಂದ ಚಲಾಯಿಸಿಕೊಂಡು ಬಂದು.

"ಅಲ್ಲಿ ನಿಂದರ್ರಿ."

ಅವಳ ಕೈ ಮೇಲೆ ಎದ್ದಿತ್ತು. ರಸ್ತೆಯಲ್ಲಿ ಗಾಡಿಗಳನ್ನು ನಿಲ್ಲಿಸುವ ಕೈ ಅದು. ಗುಮಾಸ್ತ ನಿಲ್ಲಿಸಿದ.

"ಅದು ಸುಳ್ಳ. ಈ ಹುಡುಗ ನನ್ನ ಎತ್ತಿದಾವ. ಟ್ರಾಲಿನ್ಯಾಗ ಹಾಕಿ ದವಾಖಾನಿಗಿ ಒಯ್ದಾವ. ಅವನ ಅಂಗಿಗಿ ಹತ್ತಿದ್ದು ನನ್ನ ನೆತ್ತರೇ. ಎತ್ತಿದ್ದಕ್ಕ ಹತ್ತೇದ. ಜೀಪ ಹೊಡೀತಿದ್ದಾವ ಅಂವ, ಅಲ್ಲಿ ಕುಂತಾನ ನೋಡ್ರಿ. ಸಾವ್ಕಾರರ ಮಗ. ಧನರಾಜ."

ಒವೈಸ್ ಇನ್ನೂ ನೆಲವನ್ನೇ ನೋಡುತ್ತಿದ್ದ.

"ಏ ಹುಚ್ಚ್ಯಾ, ತಲಿ ಎತ್ತೋ," ಧೂಳಮ್ಮ ಅಲ್ಲಿಂದಲೇ ಬೈದಳು. "ನೀ ಯಾಕ ತಗ್ಗಸ್ತಿ?"

ಅವನು ತಲೆ ಎತ್ತಿದ. ಅವನ ತುಟಿ "ಹೌದ್ರಿ ಮೌಶಿ" ಎಂದಂತೆ ಅಲುಗಿತು.

ಕಂಪನಿಯ ವಕೀಲ ಎದ್ದ. ಅವನಿಗೆ ಕುಣಿಯುವಷ್ಟು ಖುಷಿ. ಲೈಸೆನ್ಸ್ ಇಲ್ಲದವನು ಓಡಿಸಿದ್ದಾನೆಂದು ಗಾಯವಾದವಳೇ ಹೇಳಿದಳು, ಇನ್ನು ನಮ್ಮ ಕಂಪನಿ ಕೈ ತೊಳೆದುಕೊಳ್ಳಬಹುದು ಎಂದು ಮುಖದ ಮೇಲೇ ಬರೆದಿತ್ತು. ಆದರೂ ಅವಳನ್ನು ಬಿಡಲಿಲ್ಲ.

"ಇಷ್ಟು ದಿನ ಸುಳ್ಳು ಯಾಕೆ ಹೇಳಿದೆ?"

"ನಾ ಇವತ್ತೇ ಮೊದಲ ಸಲ ಮಾತಾಡಾಕತ್ತೀನ್ರಿ. ಇಲ್ಲಿತನ ನನ್ನ ಯಾರೂ ಕೇಳಿಲ್ಲ. ಹೆಬ್ಬಟ್ಟ ಕೊಡು ಅಂದ್ರು, ಕೊಟ್ಟೆ. ನಡಿ ಅಂದ್ರಿ, ನಡದೆ."

"ಹೀಗೆ ಹೇಳಿದರೆ ನಿನಗೆ ಪರಿಹಾರ ಸಿಗದೇ ಹೋಗಬಹುದು. ಗೊತ್ತಿದೆಯಾ?"

"ಗೊತ್ತದ್ರಿ. ಕಾಲ ಹೋಗ್ತದ. ಗೊತ್ತಿದ್ದೇ ಹೇಳಾಕತ್ತೀನಿ."

"ಕಾಲು ಅಷ್ಟೊಂದು ಕೆಟ್ಟಿದೆಯಾ? ಕಟಕಟೆ ಇಳಿದು ನಾಲ್ಕು ಹೆಜ್ಜೆ ನಡೆದು ತೋರಿಸು."

ಧೂಳಮ್ಮ ಅವನನ್ನು ನೋಡಿದಳು. ಗುಡಿಸಲ ಮುಂದೆ ಎತ್ತಿ ಹಿಡಿದ ಸೀರೆ ನೆನಪಾಯಿತು. ಬದುವಿನ ಮೇಲೆ ನಿಂತವರ ಕಣ್ಣು, ದವಾಖಾನೆಯಲ್ಲಿ ಕಾಲು ನೋಡಿ ಮುಖ ನೋಡದೆ ಹೋದವರು, ಜಾಸ್ತಿ ಕುಂಟು ಎಂದ ಗುಂಡಪ್ಪ, ಎಲ್ಲ ನೆನಪಾಯಿತು.

"ತೋರಸಂಗಿಲ್ರಿ," ಎಂದಳು. "ನಿಮ್ಮ ಮನಷ್ಯಾನ ಫೋನಿನ್ಯಾಗ ಅದ, ನೋಡ್ಕೋರ್ರಿ. ನನ್ನ ಕಾಲು ಜಾತ್ರ್ಯಾಗಿನ ಆಟ ಅಲ್ಲ."

ವಕೀಲ ಮತ್ತೇನೋ ಹೇಳಹೊರಟ. ನ್ಯಾಯಾಧೀಶರು ಸಾಕೆಂದು ಕೈ ಮಾಡಿದರು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಸಿದರು. ಕುರಿ ಕಾಯುವವಳು ಎಂದೂ ಬರೆಸಿದರು. ಆಮೇಲೆ ಕಂಪನಿಯ ವಕೀಲನ ಕಡೆ ತಿರುಗಿದರು.

"ಚಾಲಕನಿಗೆ ಲೈಸೆನ್ಸ್ ಇರಲಿಲ್ಲ ಎಂದ ಮಾತ್ರಕ್ಕೆ ಗಾಯಾಳು ಬರಿಗೈಯಲ್ಲಿ ಹೋಗಬೇಕೆಂದಿಲ್ಲ. ಕಂಪನಿ ಮೊದಲು ಅವಳಿಗೆ ಕೊಟ್ಟು, ಆಮೇಲೆ ಗಾಡಿಯ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂಬ ಆದೇಶಗಳಿವೆ. ಅದರ ಮೇಲೆ ವಾದ ಕೇಳುತ್ತೇನೆ. ಮುಂದಿನ ತಾರೀಖು."

ಧೂಳಮ್ಮನಿಗೆ ಪೂರ್ತಿ ತಿಳಿಯಲಿಲ್ಲ. ಆದರೆ ಸಾವ್ಕಾರರ ಮುಖ ನೋಡಿದಳು, ವಿಭೂತಿಯ ಕೆಳಗೆ ಆ ಮುಖ ಕಪ್ಪಿಟ್ಟಿತ್ತು. ಗುಂಡಪ್ಪನ ಕಡೆ ನೋಡಿದಳು, ಅವನು ಕಡತದೊಳಗೆ ಮುಖ ತೂರಿಸಿದ್ದ. ಆಗ ತಿಳಿಯಿತು. ಅವರಿಗೆ ಇದು ಮೊದಲೇ ಗೊತ್ತಿತ್ತು. ಕಾಲು ಹೋಗುತ್ತದೆಂದು ಇವಳನ್ನು ಹೆದರಿಸಿದ್ದು ಇವಳ ಕಾಲಿಗಾಗಿ ಅಲ್ಲ. ಹಣ ಕಟ್ಟಬೇಕಾದವರು ಕೊನೆಗೆ ತಾವೇ ಎಂದು ಹೆದರಿದವರು ಅವರು. ಆ ಹೆದರಿಕೆಯನ್ನು ತಂದು ದವಾಖಾನೆಯ ಮಂಚದ ಮೇಲೆ ಮಲಗಿದವಳ ತಲೆಗೆ ಕಟ್ಟಿದ್ದರು. ಇಷ್ಟು ತಿಂಗಳು ಅವಳು ಅದನ್ನು ತನ್ನದೆಂದು ಹೊತ್ತಿದ್ದಳು. ಅವಳಿಗೆ ಕೂಗಿ ಅಳಬೇಕೆನಿಸಿತು. ಅಳಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಸಾವ್ಕಾರರು ಕಾಯುತ್ತಿದ್ದರು. ಧನರಾಜ ಆಗಲೇ ಜೀಪಿನಲ್ಲಿ ಕೂತಿದ್ದ. ಫೋನು ಕೈಯಲ್ಲಿತ್ತು. ಯಾರಿಗೂ ಹಚ್ಚಿರಲಿಲ್ಲ.

"ಉಂಡ ಮನಿಗಿ ದ್ರೋಹ ಮಾಡಿದಿ," ಎಂದರು ಸಾವ್ಕಾರರು. ಆಮೇಲೆ ಪಂಡರಿಯ ಕಡೆ ತಿರುಗಿದರು. "ಏನೋ, ನಿನ್ನ ಮಾತ ಇಷ್ಟೇ ಏನು? ಒಳಗ ಹೋಗು. ಹೇಂತಿಗಿ ತಲಿ ಸುದ್ದ ಇಲ್ಲ ಅಂತ ಜಡ್ಜ್ ಸಾಹೇಬರ ಮುಂದ ಹೇಳು."

ಪಂಡರಿ ಸೊಂಟದ ಚೀಲದ ಮೇಲೆ ಕೈಯಿಟ್ಟ. "ನಾ ಭಂಡಾರ ಮುಟ್ಟೀನ್ರಿ. ಅದಕ್ಕ ಸುಮ್ಮ ಅದೀನಿ. ಇಷ್ಟರ ಮ್ಯಾಲ ನನ್ನ ಕಡಿಂದ ಏನೂ ಆಗಂಗಿಲ್ಲ."

"ಭಂಡಾರ ಮುಟ್ಟಿ ಕೊಟ್ಟ ಮಾತ ನಿನ್ನ ಹೇಂತಿ ಮುರದಾಳಲ್ಲೋ. ನಿಮ್ಮ ಮಲ್ಲಣ್ಣ ಸುಮ್ಮ ಬಿಡ್ತಾನೇನು?"

ಧೂಳಮ್ಮ ಮುಂದೆ ಬಂದಳು. ಬಲಗೈ ಬಿಚ್ಚಿ ಸಾವ್ಕಾರರ ಮುಖದ ಮುಂದೆ ಹಿಡಿದಳು. ಕೋಲು ಹಿಡಿದು ಹಿಡಿದು ಜಡ್ಡುಗಟ್ಟಿದ ಕೈ.

"ಮುಟ್ಟಿದ್ದು ಅವರ ಕೈ ರೀ. ಅವತ್ತ ನಾ ಅಲ್ಲೇ ಮಲಗಿದ್ದೆ. ನಿದ್ದಿ ಬಂದಿರಲಿಲ್ಲ. ಆಕಿಗೂ ಕೇಳೂನ ಅಂತ ಅವರು ಅಂದ್ರು. ಹೆಂಗಸಿನ ಆಣಿ ತಗೊಂಡು ಏನ್ ಮಾಡ್ತಿ ಅಂದಾವ್ರು ನೀವು. ಈ ಕೈಗಿ ಭಂಡಾರ ಯಾರೂ ಕೊಡಲಿಲ್ಲ. ನಾ ಯಾವ ಮಾತೂ ಮುರದಿಲ್ಲ."

ಸಾವ್ಕಾರರು ಆ ಕೈಯನ್ನು ನೋಡುತ್ತ ನಿಂತರು. ಅವತ್ತು ಆಡಿದ್ದು ಅವರದೇ ಮಾತು.

ಧನರಾಜ ಜೀಪು ಚಾಲು ಮಾಡಿದ. ಯಾರೂ ಹತ್ತು ಎನ್ನಲಿಲ್ಲ, ಅವಳು ಹತ್ತುವವಳೂ ಆಗಿರಲಿಲ್ಲ. ಗೇಟಿನ ಬಳಿ ಒವೈಸನೂ ಅನ್ವರಿಯೂ ನಿಂತಿದ್ದರು. ಒವೈಸ್ ಆಸರೆ ಕೊಡಲು ಓಡಿ ಬಂದ. ಧೂಳಮ್ಮ ಬೇಡವೆಂದು ಕೈಯಾಡಿಸಿದಳು. ಗಂಡನ ಕೋಲು ಇಸಿದುಕೊಂಡಳು. ಬಸ್ಸು ನಿಲ್ದಾಣ ದೂರವಿತ್ತು, ಬಿಸಿಲು ನೆತ್ತಿಗೆ ಬಂದಿತ್ತು, ಕಾಲಿನ ಪಟ್ಟಿ ಒದ್ದೆಯಾಗಿತ್ತು. ಕಾಲು ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಇರುವತನಕ ಅದು ಅವಳದು. ಅವಳು ನಡೆದಳು. ನಡೆದು ತೋರಿಸು ಎಂದು ಈ ಸಲ ಯಾರೂ ಹೇಳಿರಲಿಲ್ಲ.